ಕಲಿಯುತ್ತಾ ಆರಿಸಿದ ಮೊದಲ ಗಾಡಿ: ಆನಗೋಡು ಹೋಬಳಿಯ ಒಂದು ಪ್ರಕರಣ

ಮನೆ ದಾವಣಗೆರೆಯಲ್ಲಿ, ಕೆಲಸ ಆನಗೋಡು ಹೋಬಳಿಯ ಒಳಹಳ್ಳಿಯೊಂದರ ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರದಲ್ಲಿ, ವಯಸ್ಸು 29, ಎತ್ತರ ಐದು ಅಡಿ ಒಂದು ಇಂಚು, ಸೈಕಲ್ ಬಿಟ್ಟರೆ ಬೇರೆ ಯಾವ ಗಾಡಿಯನ್ನೂ ಓಡಿಸಿದ ಅಭ್ಯಾಸವಿಲ್ಲ. ಈ ಪ್ರಕರಣದ ಪಶು ವೈದ್ಯಕೀಯ ಪರೀಕ್ಷಕಿ ನನ್ನ ಬಳಿ ಬೈಕ್ ಕಲಿಯಲು ಬಂದಾಗ ಇದ್ದ ಸ್ಥಿತಿ ಇಷ್ಟು. ಅವರ ಹೆಸರನ್ನೂ ಹಳ್ಳಿಯ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಬಂದವರು ಮೊದಲು ಕೇಳಿದ್ದು ಕಲಿಕೆಯ ವಿಚಾರವನ್ನಲ್ಲ, "ಸರ್, ಯಾವ ಗಾಡಿ ತಗೊಳ್ಳಲಿ?" ಎಂದು. ಬೈಕ್ ಕಲಿಸುವ ಕೆಲಸದಲ್ಲಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೊದಲು ಗಾಡಿ ಬರುತ್ತದೆ, ಅದಕ್ಕೆ ಪೂಜೆಯಾಗುತ್ತದೆ, ಕಲಿಕೆ ಆಮೇಲೆ ಶುರುವಾಗುತ್ತದೆ. ಈ ಕ್ರಮ ತಿರುಗಬೇಕು, ಕಲಿಯುವಾಗ ಕೈಕಾಲಿಗೆ ಗೊತ್ತಾಗುವ ಸಂಗತಿಗಳೇ ಗಾಡಿಯನ್ನು ಆರಿಸಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆ ನಂಬಿಕೆಗೆ ಆಧಾರವಾಗಿ ನಿಲ್ಲುವಷ್ಟು ವಿವರ ಈ ಪ್ರಕರಣದಲ್ಲಿ ಇರುವುದರಿಂದ ಇದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಗಾಡಿಯ ಅಗತ್ಯ

ದನಕರುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುವ ಕೆಲಸ ವರ್ಷಕ್ಕೆ ಎರಡು ಸುತ್ತು ನಡೆಯುತ್ತದೆ. ರೈತರು ದನಗಳನ್ನು ಮೇಯಲು ಬಿಡುವ ಮುಂಚೆ, ಅಂದರೆ ಬೆಳಗಿನ ಹಾಲು ಕರೆಯುವ ಹೊತ್ತಿಗೇ ಪರೀಕ್ಷಕಿ ಕೊಟ್ಟಿಗೆಯ ಮುಂದೆ ಇರಬೇಕು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಕಾಪಾಡಬೇಕಾದ್ದರಿಂದ ಐಸ್ ಬಾಕ್ಸ್ ಜೊತೆಗೇ ಹೋಗಬೇಕು. ಮೊದಲ ಬಸ್ಸು ಹಳ್ಳಿ ಮುಟ್ಟುವಷ್ಟರಲ್ಲಿ ದನಗಳು ಹೊಲದ ಬದುವಿನಲ್ಲಿರುತ್ತಿದ್ದವು. ಆನಗೋಡಿನವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಯಾರದ್ದಾದರೂ ಬೈಕಿನ ಹಿಂದೆ ಬಾಕ್ಸನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಹೋಗುವ ವ್ಯವಸ್ಥೆಯಲ್ಲಿ ಅವರು ಬಹಳ ಕಾಲ ಕೆಲಸ ಮಾಡಿದ್ದರು. ಇನ್ನೊಬ್ಬರ ಬಿಡುವಿಗೆ ಕಾಯುವುದು ಅವರಿಗೆ ಸಾಕಾಗಿತ್ತು.

ಅವರ ದಾರಿಯಲ್ಲಿ ಮೂರು ಬಗೆಯ ನೆಲವಿತ್ತು. ಮೊದಲನೆಯದು ಹಿಂದೆ ನಾಲ್ಕನೇ ನಂಬರಿನದಾಗಿದ್ದು ಈಗ 48ನೇ ನಂಬರಿನದಾಗಿರುವ ರಾಷ್ಟ್ರೀಯ ಹೆದ್ದಾರಿ. ಚಿತ್ರದುರ್ಗದ ಕಡೆಗೆ ಹೋಗುವ ಈ ರಸ್ತೆಯಲ್ಲಿ ಲಾರಿ, ಕಂಟೇನರ್, ಸ್ಲೀಪರ್ ಬಸ್ಸುಗಳ ಓಡಾಟ ಹಗಲು ರಾತ್ರಿ ನಿಲ್ಲುವುದಿಲ್ಲ. ಎರಡನೆಯದು ಆನಗೋಡಿನಿಂದ ಒಳಗೆ ಹೋಗುವ ಡಾಂಬರು ರಸ್ತೆ: ಗುರುತು ಬಳಿಯದ ಹಂಪುಗಳು, ಅಂಚಿನಲ್ಲಿ ಕಿತ್ತುಹೋದ ಜಲ್ಲಿ, ಸುಗ್ಗಿಯಲ್ಲಿ ರಸ್ತೆಯ ಅರ್ಧಕ್ಕೆ ಹರಡಿದ ಮೆಕ್ಕೆಜೋಳ. ಮೂರನೆಯದು ಹೊಲದ ಮನೆಗಳಿಗೆ ಹೋಗುವ ಬಂಡಿ ದಾರಿ. ಅದರ ಒಂದಷ್ಟು ಭಾಗ ಕೆಂಪು ಮಣ್ಣು, ಒಂದಷ್ಟು ಭಾಗ ಎರೆ, ಅಂದರೆ ಕಪ್ಪು ಮಣ್ಣು. ಮುಂದಿನ ಎಲ್ಲ ನಿರ್ಧಾರಗಳೂ ಈ ಮೂರು ನೆಲಗಳ ಮೇಲೆಯೇ ನಿಂತಿರುವುದರಿಂದ ಓದುವವರು ಇವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಮನೆಯಲ್ಲಿ ಆಗಲೇ ಮೂರು ಅಭಿಪ್ರಾಯಗಳು ಗಟ್ಟಿಯಾಗಿದ್ದವು. ತಂದೆಗೆ ಸ್ಕೂಟರ್ ಬೇಕಿತ್ತು: ಗೇರ್ ಇಲ್ಲ, ಕಾಲಿಡಲು ಜಾಗವಿದೆ, ಹೆಣ್ಣುಮಕ್ಕಳಿಗೆ ಒಗ್ಗುತ್ತದೆ. ಅಣ್ಣನಿಗೆ 350 ಸಿಸಿಯ ಗಾಡಿ ಬೇಕಿತ್ತು, ಯುಗಾದಿಗೆ ಮನೆಗೆ ಬರಲಿ ಎಂದು ಅಡ್ವಾನ್ಸ್ ಕೂಡ ಕಟ್ಟಿದ್ದರು. ಹೆದ್ದಾರಿಯಲ್ಲಿ ಲಾರಿಯ ಗಾಳಿಗೆ ಹಗುರ ಗಾಡಿ ಅಲ್ಲಾಡುತ್ತದೆ, ತೂಕದ ಗಾಡಿ ಅಲ್ಲಾಡುವುದಿಲ್ಲ ಎಂಬುದು ಅವರ ವಾದ. ಕೇಂದ್ರದ ಸಹೋದ್ಯೋಗಿಗಳ ಮಾತು ನೂರು ಸಿಸಿಯ ಗಾಡಿಯ ಪರ, ಏಕೆಂದರೆ ಅದರ ಮೈಲೇಜ್ ಹೆಚ್ಚು ಮತ್ತು ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಯಾವ ಹಳ್ಳಿಯಲ್ಲಾದರೂ ಸಿಗುತ್ತಾನೆ. ಮೂರೂ ವಾದಗಳಲ್ಲಿ ಹುರುಳಿತ್ತು. ಆದರೆ ಓಡಿಸಬೇಕಾದವರ ಕಾಲು, ತೋಳು, ಅಭ್ಯಾಸ ಇವುಗಳ ಬಗ್ಗೆ ಯಾರಿಗೂ ಇನ್ನೂ ಏನೂ ತಿಳಿದಿರಲಿಲ್ಲ, ಸ್ವತಃ ಅವರಿಗೂ. ಕೊಳ್ಳುವ ಮಾತನ್ನು ಲೈಸೆನ್ಸ್ ಕೈಗೆ ಬರುವವರೆಗೆ ಮುಂದಕ್ಕೆ ಹಾಕಬೇಕೆಂದು ನಾನು ಕೇಳಿಕೊಂಡೆ. ಅಣ್ಣನಿಗೆ ಇದು ಹಿಡಿಸಲಿಲ್ಲವಾದರೂ ಒಪ್ಪಿಕೊಂಡರು. ಕಲಿಯಲು ಅವರ ಚಿಕ್ಕಪ್ಪನ ಹಳೆಯ ನೂರು ಸಿಸಿಯ ಬೈಕ್ ಸ್ಪ್ಲೆಂಡರ್ ಸಿಕ್ಕಿತು.

ನಿಲ್ಲಿಸುವುದರಿಂದ ಶುರುವಾದ ಕಲಿಕೆ

ರಸ್ತೆಗೆ ಇಳಿಯುವ ಮುಂಚೆ ಕಲಿಯುವವರ ಲೈಸೆನ್ಸ್, ಅಂದರೆ ಎಲ್‌ಎಲ್‌ಆರ್ ಮಾಡಿಸಿದೆವು. ಖಾಲಿ ಬಡಾವಣೆಯ ರಸ್ತೆಯೂ ಸಾರ್ವಜನಿಕ ರಸ್ತೆಯೇ ಆದ್ದರಿಂದ ಇದರಲ್ಲಿ ರಿಯಾಯಿತಿ ಇಲ್ಲ. ಗಾಡಿಯ ಮುಂದೆ ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು ಬಣ್ಣದ 'ಎಲ್' ಅಕ್ಷರ ಅಂಟಿಸಿ, ಶಾಮನೂರಿನ ಆಚೆ ನಿವೇಶನಗಳು ಮಾರಾಟವಾಗಿ ಮನೆಗಳು ಇನ್ನೂ ಏಳದ ಬಡಾವಣೆಯೊಂದರಲ್ಲಿ ಅಭ್ಯಾಸ ಆರಂಭಿಸಿದೆವು.

ಮೊದಲ ದಿನ ಎಂಜಿನ್ ಚಾಲೂ ಮಾಡಲಿಲ್ಲ. ಸೆಂಟರ್ ಸ್ಟ್ಯಾಂಡಿನಿಂದ ಇಳಿಸುವುದು, ಎಡಬದಿಯಲ್ಲಿ ನಿಂತು ಹ್ಯಾಂಡಲ್ ಹಿಡಿದು ತಳ್ಳುವುದು, ತಳ್ಳುತ್ತಲೇ ಮುಂದಿನ ಬ್ರೇಕ್ ಹಿಡಿದು ನಿಲ್ಲಿಸುವುದು, ಹಿಂದಕ್ಕೆ ಸರಿಸಿ ತಿರುಗಿಸುವುದು, ಮತ್ತೆ ಸ್ಟ್ಯಾಂಡ್ ಹಾಕುವುದು. ಇಷ್ಟನ್ನೇ ಬೆವರು ಇಳಿಯುವವರೆಗೆ ಮಾಡಿಸಿದೆ. ಗಾಡಿ ಯಾವ ಕೋನದವರೆಗೆ ವಾಲಿದರೆ ಕೈಯಲ್ಲಿ ನಿಲ್ಲುತ್ತದೆ, ಎಲ್ಲಿಂದಾಚೆ ಅದರ ಭಾರವೆಲ್ಲ ಒಮ್ಮೆಲೇ ತೋಳಿಗೆ ಬೀಳುತ್ತದೆ ಎಂಬುದನ್ನು ಎಂಜಿನ್ನಿನ ಸದ್ದಿಲ್ಲದೆ ತಿಳಿದುಕೊಂಡವರು ಮುಂದೆ ಗಾಡಿಗೆ ಹೆದರುವುದು ಕಡಿಮೆ. ಕಲಿಯುವವರಲ್ಲಿ ಬೀಳುವ ಹೆಚ್ಚಿನವರು ವೇಗದಲ್ಲಿ ಬೀಳುವುದಿಲ್ಲ. ನಿಲ್ಲುವ ಕ್ಷಣದಲ್ಲಿ ಕಾಲು ಊರಿದ ಜಾಗ ತಗ್ಗಾಗಿದ್ದು, ವಾಲಿದ ಗಾಡಿಯನ್ನು ತಡೆಯಲಾಗದೆ ಬೀಳುತ್ತಾರೆ.

ಎಂಜಿನ್ ಚಾಲೂ ಆದ ಮೇಲಿನ ಮೊದಲ ಪಾಠ ಕ್ಲಚ್ಚಿನದು. ಮೊದಲನೇ ಗೇರ್ ಹಾಕಿ, ರೇಸ್ ಕೊಡದೆ, ಎಡಗೈಯ ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಡುತ್ತಾ ಹೋದರೆ ಒಂದು ಜಾಗದಲ್ಲಿ ಎಂಜಿನ್ನಿನ ಸದ್ದು ತಗ್ಗುತ್ತದೆ, ಗಾಡಿಯ ಮೂತಿ ತುಸು ಮುಂದಕ್ಕೆ ಜಗ್ಗುತ್ತದೆ. ಆ ಜಾಗವೇ ಹಾಫ್ ಕ್ಲಚ್. ಅಲ್ಲಿ ಕೈಯನ್ನು ತಡೆದು, ಗಾಡಿಯನ್ನು ಒಂದು ಹೆಜ್ಜೆ ಮುಂದಕ್ಕೆ ಬಿಟ್ಟು, ಕ್ಲಚ್ ಹಿಡಿದು, ಬ್ರೇಕ್ ಒತ್ತಿ ನಿಲ್ಲಿಸುವುದನ್ನು ಬಡಾವಣೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮಾಡಿದರು. ಎಂಜಿನ್ ಪದೇ ಪದೇ ಆಫ್ ಆಗುತ್ತಿತ್ತು. ಆಗಲಿ. ಆಫ್ ಆದ ಎಂಜಿನ್ನನ್ನು ಗಾಬರಿಯಾಗದೆ ಮತ್ತೆ ಚಾಲೂ ಮಾಡುವುದೂ ಕಲಿಯಬೇಕಾದ ಕೆಲಸವೇ. ಇದು ಕೈಗೆ ಹತ್ತಿದ ಮೇಲೆ ಎರಡನೇ ಗೇರ್, ಮೂರನೇ ಗೇರ್ ತಾವಾಗಿ ಬಂದವು. ಆ ಸ್ಪ್ಲೆಂಡರಿನಲ್ಲಿ ನಾಲ್ಕೂ ಗೇರುಗಳನ್ನು ಮುಂದಕ್ಕೆ ಒತ್ತುತ್ತಾ ಹಾಕಬೇಕು. ಅನೇಕ ದೊಡ್ಡ ಗಾಡಿಗಳಲ್ಲಿ ಮೊದಲನೆಯದು ಕೆಳಗೆ, ಉಳಿದವು ಮೇಲೆ. ಈ ವ್ಯತ್ಯಾಸವನ್ನು ಮೊದಲೇ ಹೇಳಿಟ್ಟದ್ದು ಮುಂದೆ ಬೇರೆ ಗಾಡಿ ಓಡಿಸಿ ನೋಡುವಾಗ ಉಪಯೋಗಕ್ಕೆ ಬಂತು.

ನಮ್ಮ ಊರುಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿದುಬಂದಿರುವ ಒಂದು ಉಪದೇಶದ ಬಗ್ಗೆ ಇಲ್ಲಿ ಸ್ವಲ್ಪ ನಿಂತು ಹೇಳಬೇಕು. "ಮುಂದಿನ ಬ್ರೇಕ್ ಮುಟ್ಟಬ್ಯಾಡ, ಪಲ್ಟಿ ಹೊಡೀತೀಯ" ಎಂದು ಮಕ್ಕಳಿಗೆ ಗಾಡಿ ಕಲಿಸುವ ಹಿರಿಯರೆಲ್ಲ ಹೇಳುತ್ತಾರೆ. ಪರೀಕ್ಷಕಿಯ ತಂದೆಯೂ ಹೇಳಿ ಕಳುಹಿಸಿದ್ದರು. ಪ್ರೀತಿಯಿಂದ ಹೇಳಿದ ಈ ಮಾತು ಜೀವಕ್ಕೆ ಎರವಾಗಬಲ್ಲದು. ಬ್ರೇಕ್ ಹಿಡಿದಾಗ ಗಾಡಿಯ ಮತ್ತು ಸವಾರರ ಭಾರ ಮುಂದಕ್ಕೆ ಸರಿದು ಮುಂದಿನ ಚಕ್ರದ ಮೇಲೆ ಕೂರುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರವನ್ನು ಎಷ್ಟು ಒತ್ತಿ ಹಿಡಿದರೂ ಅದು ಉಜ್ಜಿಕೊಂಡು ಜಾರುತ್ತದೆಯೇ ಹೊರತು ಗಾಡಿಯನ್ನು ಬೇಗ ನಿಲ್ಲಿಸುವುದಿಲ್ಲ. ಒಣ ಡಾಂಬರಿನ ಮೇಲೆ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ. ಪಲ್ಟಿಯಾಗುವುದು ಅದನ್ನು ಗಕ್ಕನೆ ಹಿಡಿದಾಗ, ಇಲ್ಲವೇ ಹ್ಯಾಂಡಲ್ ತಿರುಗಿರುವಾಗ ಹಿಡಿದಾಗ. ಆದ್ದರಿಂದ ಹ್ಯಾಂಡಲ್ ನೇರವಾಗಿಟ್ಟು, ಎರಡೂ ಬ್ರೇಕುಗಳನ್ನು ಕೂಡಿಸಿ, ಮುಂದಿನದನ್ನು ಮೊದಲು ಮೆಲ್ಲಗೆ, ಆಮೇಲೆ ಬಿಗಿಯಾಗಿ ಹಿಂಡುವ ಅಭ್ಯಾಸವನ್ನು ಮಾಡಿಸಿದೆ.

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ, 60ರ ವೇಗದಲ್ಲಿ ಸುಮಾರು 17 ಮೀಟರ್. ಅಡ್ಡ ಬಂದ ನಾಯಿಯನ್ನು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದಿರುತ್ತದೆ. ಅಲ್ಲಿಂದ ಮುಂದೆ ನಿಲ್ಲಲು ಬೇಕಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೆ 40ರಲ್ಲಿ 12 ಮೀಟರ್ ಬೇಕಾದಲ್ಲಿ 60ರಲ್ಲಿ 28 ಮೀಟರ್ ಬೇಕು. ಎರಡನ್ನೂ ಕೂಡಿಸಿದರೆ 23 ಮೀಟರ್ ಮತ್ತು 45 ಮೀಟರ್. ಬಡಾವಣೆಯ ರಸ್ತೆಯಲ್ಲಿ ಈ ದೂರಗಳನ್ನು ಹೆಜ್ಜೆಯಲ್ಲಿ ಅಳೆದು ಸುಣ್ಣದ ಗೆರೆ ಎಳೆದು ತೋರಿಸಿದಾಗ ಅವರು ಎರಡನೇ ಗೆರೆಯವರೆಗೆ ನಡೆದುಕೊಂಡು ಹೋಗಿ, ತಿರುಗಿ ನೋಡಿ, "ಇಷ್ಟು ದೂರಾನಾ ಸರ್?" ಎಂದರು. ಹೆದ್ದಾರಿಯಲ್ಲಿ ಮುಂದಿನ ಲಾರಿಯಿಂದ ಎಷ್ಟು ದೂರ ಇರಬೇಕು ಎಂಬುದನ್ನು ಆಮೇಲೆ ನಾನು ಹೇಳಬೇಕಾಗಲಿಲ್ಲ.

ಮೆಕ್ಕೆಜೋಳದ ರಸ್ತೆ

ಅಭ್ಯಾಸ ನಡೆದದ್ದು ಮೆಕ್ಕೆಜೋಳ ಕಟಾವಾಗುವ ಕಾಲದಲ್ಲಿ. ಕಣ ಮಾಡಲು ಜಾಗವಿಲ್ಲದ ರೈತರು ಕಾಳನ್ನು ಡಾಂಬರು ರಸ್ತೆಯ ಮೇಲೆಯೇ ಹರಡಿ, ಅಂಚಿಗೆ ಕಲ್ಲುಗಳನ್ನು ಜೋಡಿಸಿ ಒಣಗಿಸುತ್ತಾರೆ. ರಾಗಿ, ಹುರುಳಿಯ ಕಾಲಕ್ಕೆ ತೆನೆಯನ್ನೂ ಗಿಡವನ್ನೂ ರಸ್ತೆಗೆ ಹಾಸಿ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುತ್ತಾರೆ. ಆ ರೈತರ ಕಷ್ಟ ಗೊತ್ತಿರುವುದರಿಂದ ಅವರನ್ನು ದೂರುವುದು ನನ್ನ ಉದ್ದೇಶವಲ್ಲ, ಆದರೆ ದ್ವಿಚಕ್ರ ಸವಾರರಿಗೆ ಇದಕ್ಕಿಂತ ಅಪಾಯದ ರಸ್ತೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಒಣಗಿದ ಮೆಕ್ಕೆಜೋಳದ ಕಾಳು ಗಟ್ಟಿ, ಗುಂಡಗೆ. ಟೈರು ಅದರ ಮೇಲೆ ಬಂದಾಗ ಗೋಲಿಗಳ ಮೇಲೆ ಹಲಗೆ ಇಟ್ಟು ತಳ್ಳಿದಂತೆ ಜಾರುತ್ತದೆ. ಹುರುಳಿ ಹೊಟ್ಟಿನ ಕೆಳಗೆ ಹಂಪ್ ಇದೆಯೋ ಗುಂಡಿ ಇದೆಯೋ ಕಾಣುವುದೇ ಇಲ್ಲ.

ಹೀಗಾಗಿ ಬಡಾವಣೆಯ ಒಂದು ಕಡೆ ಒಂದು ಪುಟ್ಟಿ ಹಾಳು ಮೆಕ್ಕೆಜೋಳ ಹರಡಿ ಅಭ್ಯಾಸ ಮಾಡಿಸಿದೆ. ಕ್ರಮ ಹೀಗೆ: ಕಾಳು ಕಾಣುತ್ತಲೇ, ಇನ್ನೂ ಬರಿಯ ಡಾಂಬರಿನ ಮೇಲಿರುವಾಗಲೇ ವೇಗ ಇಳಿಸಬೇಕು, ಎರಡನೇ ಗೇರಿಗೆ ಬರಬೇಕು. ಕಾಳಿನ ಮೇಲೆ ಹೋದ ನಂತರ ಬ್ರೇಕೂ ಇಲ್ಲ, ವಾಲುವುದೂ ಇಲ್ಲ, ರೇಸ್ ಏರಿಸುವುದೂ ಇಲ್ಲ. ಹ್ಯಾಂಡಲನ್ನು ಸಡಿಲವಾಗಿ ಹಿಡಿದು, ಮಂಡಿಗಳಿಂದ ಟ್ಯಾಂಕನ್ನು ಒತ್ತಿಕೊಂಡು, ಕಣ್ಣನ್ನು ಚಕ್ರದ ಮುಂದೆ ಇಡದೆ ಕಾಳು ಮುಗಿಯುವ ಜಾಗದಲ್ಲಿ ಇಡಬೇಕು. ಎದುರಿಗೆ ವಾಹನ ಬಂದರೆ ಕಾಳಿನ ಮೇಲೆ ಪಕ್ಕಕ್ಕೆ ಎಳೆಯುವ ಬದಲು ಮೊದಲೇ ನಿಂತು ಅದನ್ನು ಹೋಗಲು ಬಿಡಬೇಕು. ಒಮ್ಮೆ ಅವರು ಕಾಳಿನ ಮಧ್ಯದಲ್ಲಿ ಹಿಂದಿನ ಬ್ರೇಕ್ ಒತ್ತಿದರು. ನಡಿಗೆಯ ವೇಗದಲ್ಲಿದ್ದರೂ ಗಾಡಿ ಎಡಕ್ಕೆ ಮಲಗಿತು. ಹೆಲ್ಮೆಟ್, ಕೈಗವಸು, ಬೂಟು ಇದ್ದುದರಿಂದ ಚೂಡಿದಾರದ ಮಂಡಿ ಹರಿದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಗಾಡಿಯ ಆಯ್ಕೆಗೆ ದಾರಿ ತೋರಿಸಿದ್ದು ಈ ಸಣ್ಣ ಬೀಳುವಿಕೆಯೇ.

ಎತ್ತುವ ಪರೀಕ್ಷೆ

ಬಿದ್ದ ಗಾಡಿಯನ್ನು ಎತ್ತಲು ಅವರು ಹ್ಯಾಂಡಲ್ ಹಿಡಿದು ಬಗ್ಗಿ ಜಗ್ಗಿದರು, ಆಗಲಿಲ್ಲ. ಬಗ್ಗಿ ಎತ್ತಿದರೆ ಸೊಂಟ ಹಿಡಿಯುತ್ತದೆ. ಸರಿಯಾದ ಕ್ರಮ ಬೇರೆ: ಕೀಲಿ ಆಫ್ ಮಾಡಿ, ಗೇರ್ ಹಾಕಿ, ಸೀಟಿನ ಅಂಚಿಗೆ ಬೆನ್ನು ಕೊಟ್ಟು ಕುಕ್ಕುರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲಿನ ಕೆಳಗಿನ ತುದಿ, ಇನ್ನೊಂದು ಕೈಯಲ್ಲಿ ಸೀಟಿನ ಹಿಂದಿನ ಹಿಡಿ ಹಿಡಿದು, ಕಾಲಿನ ಬಲದಿಂದ ಸಣ್ಣ ಹೆಜ್ಜೆ ಹಿಂದಿಡುತ್ತಾ ಏಳಬೇಕು. ಈ ಕ್ರಮದಲ್ಲಿ ಸುಮಾರು 112 ಕೆ.ಜಿ. ತೂಕದ ಸ್ಪ್ಲೆಂಡರನ್ನು ಅವರು ಎರಡನೇ ಪ್ರಯತ್ನಕ್ಕೆ ಎತ್ತಿ ನಿಲ್ಲಿಸಿದರು.

ಅದೇ ವಾರ ಅಣ್ಣನ ಸ್ನೇಹಿತರೊಬ್ಬರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತರಿಸಿದೆವು. ಅದರ ತೂಕ 195 ಕೆ.ಜಿ., ಸೀಟಿನ ಎತ್ತರ 805 ಮಿಲಿಮೀಟರ್. ಗೋಣಿಚೀಲಗಳಲ್ಲಿ ಹುಲ್ಲು ತುಂಬಿ ನೆಲಕ್ಕೆ ಹಾಸಿ, ಗಾಡಿಗೆ ತರಚದಂತೆ ಇಬ್ಬರು ಹಿಡಿದು ಮೆಲ್ಲಗೆ ಮಲಗಿಸಿದೆವು. ಪರೀಕ್ಷಕಿ ಬೆನ್ನು ಕೊಟ್ಟು ಕೂತು ಏಳಲು ನೋಡಿದರು. ಗಾಡಿ ಗೋಣಿಚೀಲದಿಂದ ಒಂದು ಗೇಣು ಮೇಲೆದ್ದು ಅಲ್ಲೇ ನಿಂತಿತು. ಮತ್ತೆ ನೋಡಿದರು, ಅಷ್ಟೇ. ಅಣ್ಣ ಮುಂದೆ ಬಂದು, "ಬಿಡವ್ವ, ನಾ ಎತ್ತತೀನಿ" ಎಂದು ಕೈ ಹಾಕಿದರು. ಆಕೆ ಎದ್ದು ಕೈ ಕೊಡವಿಕೊಳ್ಳುತ್ತಾ, "ಅಣ್ಣಾ, ಹೊಲದ ದಾರಿಯಾಗೆ ಬಿದ್ರೆ ಎತ್ತಾಕೆ ನೀ ಬರ್ತೀಯಾ?" ಎಂದು ಕೇಳಿದರು. ಅಣ್ಣ ಸ್ವಲ್ಪ ಹೊತ್ತು ಗಾಡಿಯನ್ನೇ ನೋಡುತ್ತಿದ್ದು, ನಾಳೆ ಹೋಗಿ ಅಡ್ವಾನ್ಸ್ ವಾಪಸ್ ಕೇಳುತ್ತೇನೆ ಎಂದರು.

350 ಸಿಸಿಯ ಗಾಡಿ ಕೆಟ್ಟದ್ದೆಂದು ಇದರಿಂದ ತಿಳಿಯಬಾರದು. ಬರೇ ಹೆದ್ದಾರಿಯಲ್ಲಿ, ಜನವಿರುವ ದಾರಿಯಲ್ಲಿ ಹೋಗುವವರಿಗೆ ಬಿದ್ದ ಗಾಡಿ ಎತ್ತಿಕೊಡಲು ನಾಲ್ಕು ಜನ ಸಿಗುತ್ತಾರೆ. ಬೆಳಗಿನ ಜಾವ ಬಂಡಿ ದಾರಿಯಲ್ಲಿ ಒಬ್ಬರೇ ಐಸ್ ಬಾಕ್ಸ್ ಹೊತ್ತು ಹೋಗುವವರಿಗೆ ಸಿಗುವುದಿಲ್ಲ. ಮೊದಲ ಗಾಡಿಯನ್ನು ಸವಾರರು ತಾವೇ ಎತ್ತಿ ನಿಲ್ಲಿಸಬಲ್ಲವರಾಗಿರಬೇಕು ಎಂಬ ನಿಯಮವನ್ನು ನಾನು ಎಲ್ಲರಿಗೂ, ಗಂಡಸರಿಗೂ, ಹೇಳುತ್ತೇನೆ.

ಲೈಸೆನ್ಸ್

ಈ ಮಧ್ಯೆ ಪರಿಚಯದ ಏಜೆಂಟರೊಬ್ಬರು ಸುಲಭದ ದಾರಿಯೊಂದನ್ನು ಸೂಚಿಸಿದ್ದರು: ಗೇರ್ ಇಲ್ಲದ ವರ್ಗಕ್ಕೆ ಅರ್ಜಿ ಹಾಕಿ ಸ್ಕೂಟರಿನಲ್ಲಿ ಟೆಸ್ಟ್ ಕೊಟ್ಟುಬಿಡಿ, ಆಮೇಲೆ ಬೈಕ್ ಓಡಿಸಿದರೆ ಯಾರು ನೋಡುತ್ತಾರೆ ಎಂದು. ಗೇರ್ ಇರುವ ಮತ್ತು ಇಲ್ಲದ ಮೋಟಾರ್ ಸೈಕಲ್‌ಗಳು ಕಾನೂನಿನಲ್ಲಿ ಬೇರೆ ಬೇರೆ ವರ್ಗಗಳು. ಗೇರ್ ಇರುವ ವರ್ಗದ ಲೈಸೆನ್ಸ್ ಇಲ್ಲದೆ ಬೈಕ್ ಓಡಿಸಿ ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ, ಕಟ್ಟಿಕೊಟ್ಟ ಪರಿಹಾರವನ್ನು ಮಾಲೀಕರಿಂದಲೇ ವಸೂಲಿ ಮಾಡಲೂಬಹುದು. ಮಾಲೀಕ ಸವಾರರಿಗೆ ಸಿಗಬೇಕಾದ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಗೂ ಊರ್ಜಿತ ಲೈಸೆನ್ಸ್ ಬೇಕು. ಸರ್ಕಾರಿ ಕೆಲಸದ ಮೇಲೆ ಓಡಾಡುವವರು ಈ ಅಪಾಯಕ್ಕೆ ಕೈಹಾಕಲೇಬಾರದು. ಪರೀಕ್ಷಕಿ ಆ ಸಲಹೆಯನ್ನು ತಳ್ಳಿಹಾಕಿದರು.

ಎಲ್‌ಎಲ್‌ಆರ್ ಆರು ತಿಂಗಳು ಊರ್ಜಿತದಲ್ಲಿರುತ್ತದೆ, ಅದು ಸಿಕ್ಕ 30 ದಿನಗಳ ನಂತರ ಟೆಸ್ಟಿಗೆ ಹೋಗಬಹುದು. ಮೂವತ್ತೊಂದನೇ ದಿನವೇ ಹೋಗಲು ಎಲ್ಲರೂ ಅವಸರ ಮಾಡುತ್ತಾರೆ, ಇವರು ಮಾಡಲಿಲ್ಲ. ಟೆಸ್ಟಿನಲ್ಲಿ ಎಂಟರ ಆಕಾರದ ಪಥದಲ್ಲಿ ಕಾಲು ಊರದೆ ಗಾಡಿ ತಿರುಗಿಸಬೇಕು. ಹಾಫ್ ಕ್ಲಚ್ಚಿನಲ್ಲಿ ಹಿಂದಿನ ಬ್ರೇಕನ್ನು ತುಸು ಒತ್ತಿಕೊಂಡು, ತಲೆಯನ್ನು ಮುಂದಿನ ತಿರುವಿನ ಕಡೆಗೆ ಹೊರಳಿಸಿ ನಿಧಾನಕ್ಕೆ ಹೋಗುವುದನ್ನು ಅವರು ಚೆನ್ನಾಗಿ ರೂಢಿ ಮಾಡಿಕೊಂಡಿದ್ದರಿಂದ ಅದು ತೊಡಕಾಗಲಿಲ್ಲ. ಲೈಸೆನ್ಸ್ ಸಿಕ್ಕಿತು.

ಆಯ್ಕೆ

ಉಳಿದದ್ದು ತಂದೆಯ ಸ್ಕೂಟರ್, ಸಹೋದ್ಯೋಗಿಗಳ ನೂರು ಸಿಸಿ, ಮತ್ತು ಇವೆರಡರ ನಡುವೆ ನಾನು ಸೂಚಿಸಿದ 125 ಸಿಸಿ. ಸ್ಕೂಟರನ್ನು ಎರವಲು ತಂದು ಆ ಬಂಡಿ ದಾರಿಯಲ್ಲೇ ಓಡಿಸಿ ನೋಡಿದರು. ಊರೊಳಗೆ, ಹದಡಿ ರಸ್ತೆ ಪಿ.ಬಿ. ರಸ್ತೆಗಳಲ್ಲಿ ಓಡಾಡುವವರಿಗೆ ಸ್ಕೂಟರ್ ಒಳ್ಳೆಯ ವಾಹನವೇ. ಆದರೆ ಅದರ ಸಣ್ಣ ಚಕ್ರ ಬಂಡಿಯ ಗಾಲಿ ಕೊರೆದ ಸಾಲಿಗೆ ಇಳಿದರೆ ಮೇಲೆ ಹತ್ತಲು ತಿಣುಕುತ್ತದೆ. ಬೈಕಿನ 18 ಇಂಚಿನ ಚಕ್ರ ಅದೇ ಸಾಲನ್ನು ಸಲೀಸಾಗಿ ದಾಟುತ್ತದೆ. ತಂದೆ ಕೂಡ ಜೊತೆಗೆ ಬಂದು ಕಣ್ಣಾರೆ ನೋಡಿದ್ದರಿಂದ ಆ ಮಾತು ಅಲ್ಲಿಗೆ ಮುಗಿಯಿತು.

ನೂರು ಸಿಸಿಗೂ 125 ಸಿಸಿಗೂ ನಡುವೆ ತೀರ್ಮಾನ ಮಾಡುವುದು ಹೆಚ್ಚು ಕಷ್ಟವಾಯಿತು. ಸೀಟಿನ ಎತ್ತರದಲ್ಲಿ ದೊಡ್ಡ ವ್ಯತ್ಯಾಸವಿರಲಿಲ್ಲ: ಸ್ಪ್ಲೆಂಡರಿನದು 785 ಮಿಲಿಮೀಟರ್, ಟಿವಿಎಸ್ ರೈಡರ್ 780, ಹೋಂಡಾ ಶೈನ್ 125ರದು 791. ಎತ್ತರದ ಅಂಕಿ ಪೂರ್ತಿ ಸತ್ಯವನ್ನು ಹೇಳುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಸೀಟಿನ ಮುಂಭಾಗ ಅಗಲವಾಗಿದ್ದರೆ ತೊಡೆಗಳು ಹರಡಿಕೊಂಡು ಕಾಲು ನೆಲಕ್ಕೆ ಎಟುಕುವುದು ಕಡಿಮೆಯಾಗುತ್ತದೆ, ಕಿರಿದಾಗಿದ್ದರೆ ತುಸು ಎತ್ತರದ ಸೀಟಿನಿಂದಲೂ ಪಾದ ಊರಬಹುದು. ಸವಾರರ ತೂಕಕ್ಕೆ ಶಾಕ್ ಅಬ್ಸಾರ್ಬರ್ ಎಷ್ಟು ಕುಸಿಯುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ದಿನವೂ ಹಾಕುವ ಚಪ್ಪಲಿ ಅಥವಾ ಬೂಟು ಹಾಕಿಕೊಂಡೇ ಪ್ರತಿ ಗಾಡಿಯ ಮೇಲೆ ಕೂತು, ಎರಡೂ ಪಾದಗಳ ಮುಂಭಾಗದ ಅರ್ಧ ನೆಲ ಮುಟ್ಟುತ್ತದೆಯೇ, ಕೂತಲ್ಲಿಂದಲೇ ಗಾಡಿಯನ್ನು ಹಿಂದಕ್ಕೆ ತಳ್ಳಲು ಆಗುತ್ತದೆಯೇ ಎಂದು ನೋಡಬೇಕು. ಅವರು ಪ್ರತಿ ಶೋರೂಂನಲ್ಲಿ ಹೀಗೆಯೇ ನೋಡಿದರು.

ತೀರ್ಮಾನವನ್ನು ಒಂದು ಕಡೆಗೆ ವಾಲಿಸಿದ್ದು ಬ್ರೇಕ್. 2019ರ ಏಪ್ರಿಲ್ 1ರಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆ ಎಬಿಎಸ್, 125 ಸಿಸಿವರೆಗಿನ ಗಾಡಿಗಳಿಗೆ ಕನಿಷ್ಠ ಸಿಬಿಎಸ್ ಕಡ್ಡಾಯವಾಯಿತು. ಸಿಬಿಎಸ್ ಎಂದರೆ ಹಿಂದಿನ ಬ್ರೇಕ್ ಒತ್ತಿದಾಗ ಮುಂದಿನದೂ ಸ್ವಲ್ಪ ಹಿಡಿಯುವ ಜೋಡಣೆ. ಎಬಿಎಸ್ ಎಂದರೆ ಗಟ್ಟಿಯಾಗಿ ಹಿಡಿದರೂ ಚಕ್ರ ಪೂರ್ತಿ ಕಚ್ಚಿಕೊಂಡು ಜಾರದಂತೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವ ಏರ್ಪಾಡು. ಎಬಿಎಸ್ ಇರುವ 150–160 ಸಿಸಿ ಗಾಡಿಯನ್ನೇ ಕೊಂಡರೆ ಆಗದೇ ಎಂಬ ಪ್ರಶ್ನೆ ಬಂತು. ತೂಕ 140 ಕೆ.ಜಿ. ಆಸುಪಾಸಿಗೆ ಏರುವುದು, ಬೆಲೆಯ ಜೊತೆಗೆ ರಾಜ್ಯದ ಆಜೀವ ತೆರಿಗೆಯ ದರವೂ ಏರುವುದು, ಎರಡನ್ನೂ ನೋಡಿ ಅವರು ಬೇಡವೆಂದರು. ನಾನಾಗಿದ್ದರೆ ಎಬಿಎಸ್ ಇರುವುದನ್ನು ಇನ್ನೊಂದು ಸಲ ಎತ್ತಿ ನೋಡುತ್ತಿದ್ದೆ. ಆದರೆ ಓಡಿಸುವವರು, ಸಾಲ ತೀರಿಸುವವರು ಅವರು. ಕೊನೆಗೆ ಮುಂದೆ ಡಿಸ್ಕ್ ಬ್ರೇಕ್, ಸಿಬಿಎಸ್ ಮತ್ತು ಟ್ಯೂಬ್‌ಲೆಸ್ ಟೈರ್ ಇರುವ 125 ಸಿಸಿಯ ಗಾಡಿಯೊಂದನ್ನು ಆರಿಸಿದರು. ಡ್ರಮ್ ಬ್ರೇಕಿಗಿಂತ ಡಿಸ್ಕನ್ನು ಬೆರಳುಗಳಲ್ಲಿ ಹದವಾಗಿ ಹಿಂಡಬಹುದು, ನೀರು ಬಿದ್ದರೂ ಬೇಗ ಆರುತ್ತದೆ. ಗಾಡಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಓದುವವರ ಕಾಲಿನ ಉದ್ದ ಬೇರೆ, ದಾರಿ ಬೇರೆ.

ಸೆಕೆಂಡ್ ಹ್ಯಾಂಡ್ ಗಾಡಿಯ ಮಾತೂ ಬಂದಿತ್ತು. ಮೊದಲ ಗಾಡಿ ಹಳೆಯದಾಗಿದ್ದರೆ ಬಿದ್ದಾಗ ಮನಸ್ಸಿಗೆ ನೋವು ಕಡಿಮೆ ಎಂಬುದು ನಿಜ, ಆರ್‌ಸಿ ವರ್ಗಾವಣೆಗೆ ಫಾರಂ 29 ಮತ್ತು 30, ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಇಷ್ಟು ಸರಿಯಾಗಿದ್ದರೆ ಅಡ್ಡಿಯಿಲ್ಲ. ಅವರಿಗೆ ಸಿಕ್ಕಿದ ಗಾಡಿಗಳ ಕಾಗದಪತ್ರ ಸರಿಯಿರಲಿಲ್ಲ, ಹಾಗಾಗಿ ಕೈಬಿಟ್ಟರು.

ಹೆಲ್ಮೆಟ್ಟಿನ ವಿಷಯದಲ್ಲಿ ನಾನು ರಾಜಿಯಾಗಲಿಲ್ಲ. ಕಿವಿಯ ಮೇಲಕ್ಕೇ ಮುಗಿಯುವ ಅರ್ಧ ಹೆಲ್ಮೆಟ್ ಪೊಲೀಸರಿಂದ ತಪ್ಪಿಸಿಕೊಳ್ಳಲು ಹಾಕುವಂಥದ್ದು, ತಲೆ ಉಳಿಸಿಕೊಳ್ಳಲು ಅಲ್ಲ. ಐಎಸ್ 4151 ಮಾನಕದ ಐಎಸ್‌ಐ ಗುರುತಿರುವ, ಗಲ್ಲ ಮುಚ್ಚುವ ಪೂರ್ತಿ ಹೆಲ್ಮೆಟ್ ಕೊಡಿಸಿದೆ. ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಮೇಲಕ್ಕೆ ತಳ್ಳಿದರೆ ಕಳಚಿ ಬರಬಾರದು. ಅಂಗಡಿಯಲ್ಲೇ ಹಾಗೆ ತಳ್ಳಿ ನೋಡಿ ಕೊಂಡೆವು. ದುಪಟ್ಟಾವನ್ನು ಹಿಂದಕ್ಕೆ ಹಾರಲು ಬಿಡದೆ ಸೊಂಟಕ್ಕೆ ಕಟ್ಟಿ ಮೇಲೆ ಜಾಕೆಟ್ ಹಾಕುವುದು, ಹಿಂದಿನ ಚಕ್ರದ ಸೀರೆ ಗಾರ್ಡನ್ನು ಚೆಂದಕ್ಕಾಗಿ ಕಿತ್ತುಹಾಕದಿರುವುದು ಕೂಡ ಇದರ ಜೊತೆಗೇ ಸೇರಿದ ಎಚ್ಚರಗಳು.

ಐಸ್ ಬಾಕ್ಸನ್ನು ಮೊದಲು ಸೀಟಿನ ಹಿಂದಿನ ಕ್ಯಾರಿಯರ್ ಮೇಲೆ ಎತ್ತರಕ್ಕೆ ಕಟ್ಟಿದ್ದರು. ಹಿಂದಿನ ಅಚ್ಚಿನಿಂದಾಚೆಗೆ, ಅದೂ ಎತ್ತರದಲ್ಲಿ ಭಾರ ಕೂತಾಗ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅಲುಗಾಡಿತು. ಬಾಕ್ಸನ್ನು ಸೀಟಿನ ಮೇಲೆಯೇ, ಬೆನ್ನಿಗೆ ತಾಗುವಷ್ಟು ಮುಂದಕ್ಕೆ ತಂದು, ಸಿರಿಂಜು ಔಷಧಿಗಳ ಚೀಲವನ್ನು ಪಕ್ಕದಲ್ಲಿ ಕೆಳಕ್ಕೆ ಇಳಿಬಿಟ್ಟು ಕಟ್ಟಿದ ಮೇಲೆ ಆ ಅಲುಗಾಟ ನಿಂತಿತು.

ಮೊದಲ ಮಳೆಗಾಲ

ಎರೆ ಮಣ್ಣಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಹದ ಮಳೆ ಬಿದ್ದ ಬೆಳಗ್ಗೆ ಹೊಲದ ಮನೆಯೊಂದಕ್ಕೆ ಹೋಗುವಾಗ ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನ ಒಳಗೆ ಪದರ ಪದರವಾಗಿ ಗಟ್ಟಿಯಾಗಿ, ಕೊನೆಗೆ ಮುಂದಿನ ಚಕ್ರ ತಿರುಗುವುದೇ ನಿಂತಿತು. ಕಡ್ಡಿಯಿಂದ ಕೆರೆದು ತೆಗೆದು ಹತ್ತು ಮಾರು ಹೋಗುವಷ್ಟರಲ್ಲಿ ಮತ್ತೆ ತುಂಬಿಕೊಂಡಿತು. ಈ ನೆಲಕ್ಕೆ ಯಾವ ಸಿಸಿಯ ಗಾಡಿಯೂ ಉತ್ತರವಲ್ಲ. ಅವರು ಗಾಡಿಯನ್ನು ಕೆಂಪು ಮಣ್ಣಿನ ಅಂಚಿಗೆ ತಳ್ಳಿ ತಂದು ನಿಲ್ಲಿಸಿ, ಬಾಕ್ಸನ್ನು ಹೆಗಲಿಗೆ ಹಾಕಿಕೊಂಡು ನಡೆದು ಹೋಗಿ ಲಸಿಕೆ ಹಾಕಿ ಬಂದರು. ಈಗ ಮಳೆ ಬಿದ್ದ ದಿನ ಎರೆ ಶುರುವಾಗುವಲ್ಲಿಯೇ ಗಾಡಿ ನಿಲ್ಲಿಸುತ್ತಾರೆ. ಹಗುರ ಗಾಡಿಯಾದದ್ದರಿಂದ ಅಂದು ತಳ್ಳಿ ತರಲು ಸಾಧ್ಯವಾಯಿತು ಎಂದು ಅಣ್ಣನ ಮುಂದೆ ಅವರೇ ಹೇಳಿದರಂತೆ.

ಅಣ್ಣನ ವಾದವೂ ಒಂದು ಕಡೆ ನಿಜವಾಯಿತು. ಆಷಾಢದ ಗಾಳಿಗೆ, ಹೆದ್ದಾರಿಯ ಬಯಲು ಭಾಗದಲ್ಲಿ ಕಂಟೇನರ್ ಲಾರಿ ಪಕ್ಕದಲ್ಲಿ ಹಾದುಹೋದಾಗ 125 ಸಿಸಿಯ ಗಾಡಿ ಮೊದಲು ಲಾರಿಯ ಕಡೆಗೆ ಎಳೆದು, ಆಮೇಲೆ ಹೊರಕ್ಕೆ ತಳ್ಳುತ್ತದೆ. ಲಾರಿಯ ಮರೆಯಲ್ಲಿ ಅಡ್ಡಗಾಳಿ ಒಮ್ಮೆಲೇ ನಿಂತು, ಅದು ಮುಂದೆ ಹೋಗುತ್ತಲೇ ಮತ್ತೆ ಬಡಿಯುವುದರಿಂದ ಹೀಗಾಗುತ್ತದೆ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದಷ್ಟೂ ಓಲಾಟ ಹೆಚ್ಚು; ಮೊಣಕೈ ಸಡಿಲಬಿಟ್ಟು, ಟ್ಯಾಂಕಿನ ಮೇಲೆ ತುಸು ಬಾಗಿ, ವೇಗವನ್ನು ಐವತ್ತರ ಆಸುಪಾಸಿಗೆ ಇಳಿಸಿದರೆ ಗಾಡಿ ತಾನಾಗಿಯೇ ನೇರಕ್ಕೆ ಬರುತ್ತದೆ. ಸರ್ವಿಸ್ ರಸ್ತೆ ಇರುವಷ್ಟು ದೂರ ಅದರಲ್ಲೇ ಹೋಗಬೇಕೆಂದು ಅವರು ನಿಯಮ ಮಾಡಿಕೊಂಡಿದ್ದಾರೆ.

ಚೈನಿನ ಬಿಗಿತ ಮತ್ತು ಎಣ್ಣೆ, ಟೈರಿನ ಗಾಳಿ, ಬ್ರೇಕಿನ ಹಿಡಿತ, ಹಿಂದಿನ ದೀಪ, ಇವನ್ನು ಭಾನುವಾರ ತೊಳೆಯುವಾಗ ಸ್ವತಃ ನೋಡಿಕೊಳ್ಳುತ್ತಾರೆ. ಮಣ್ಣಿನ ದಾರಿಯಲ್ಲಿ ಓಡುವ ಚೈನ್ ಬೇಗ ಒಣಗುವುದರಿಂದ ಕಂಪನಿಯ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮೊದಲೇ ಎಣ್ಣೆ ಕೇಳುತ್ತದೆ ಎಂಬುದನ್ನು ಅವರೇ ಕಂಡುಕೊಂಡರು.

ರಾತ್ರಿ ಹೆದ್ದಾರಿ ಮಾತ್ರ ಇನ್ನೂ ಬಾಕಿ ಇದೆ. ಹಿಂದೆ ದೀಪವೂ ರಿಫ್ಲೆಕ್ಟರೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಕಬ್ಬು, ಮೆಕ್ಕೆಜೋಳ ಹೇರಿಕೊಂಡು ಕತ್ತಲಲ್ಲಿ ನಿಂತಿರುತ್ತವೆ. ಎದುರಿನ ವಾಹನದ ಬೆಳಕು ಕಣ್ಣಿಗೆ ಬಿದ್ದಾಗ ಅವು ಪೂರ್ತಿಯಾಗಿ ಮಾಯವಾಗುತ್ತವೆ. ರಾತ್ರಿ ಹಸು ಈಯಲು ಕಷ್ಟಪಡುತ್ತಿದೆ ಎಂದು ಕರೆ ಬಂದರೆ ಸದ್ಯಕ್ಕೆ ಅವರು ಅಣ್ಣನ ಜೊತೆ ಕಾರಿನಲ್ಲಿ ಹೋಗುತ್ತಾರೆ. ಸುಣ್ಣದ ಗೆರೆ ಎಳೆದ ಆ ಲೆಕ್ಕವನ್ನು ಹೆಡ್‌ಲೈಟಿನ ಬೆಳಕು ಬೀಳುವ ದೂರಕ್ಕೆ ಹೊಂದಿಸಿಕೊಂಡು, ಬೆಳಕು ಎಟುಕುವಷ್ಟರೊಳಗೆ ನಿಲ್ಲಿಸಬಲ್ಲ ವೇಗದಲ್ಲೇ ಹೋಗುವ ಅಭ್ಯಾಸವನ್ನು ಒಳರಸ್ತೆಯಲ್ಲಿ ಶುರು ಮಾಡಿದ್ದೇವೆ. ಹೆದ್ದಾರಿಗೆ ಯಾವಾಗ ಇಳಿಯಬೇಕೆಂಬುದನ್ನು ಅವರೇ ನಿರ್ಧರಿಸುತ್ತಾರೆ.